ಕಣ್ಣಿಗೆ ಬಟ್ಟೆ, ಮೂಗಿನಲ್ಲಿ ಬುದ್ಧಿ

ಮಳೆಗಾಲದಲ್ಲಿ ಕರೆಂಟು ಹೋದರೆ ಮಂಗಳೂರಿನವರು ಇನ್ನು ಮೆಸ್ಕಾಂಗೆ ಫೋನ್ ಮಾಡಬೇಕಾಗಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿದರೂ ಪುಸ್ತಕ ಓದುವ ಮಕ್ಕಳು ತಯಾರಾಗುತ್ತಿದ್ದಾರೆ. ಬಣ್ಣ ಹೇಳುತ್ತಾರೆ, ನೋಟಿನ ನಂಬರ್ ಓದುತ್ತಾರೆ, ಸೈಕಲ್ ಕೂಡ ಬಿಡುತ್ತಾರೆ. ಮಿಡ್‌ಬ್ರೈನ್ ಆ್ಯಕ್ಟಿವೇಶನ್ ಅಂತ ಇದರ ಹೆಸರು, ಅಂದರೆ ಮಲಗಿರುವ ನಡುಮಿದುಳನ್ನು ಎಬ್ಬಿಸುವುದಂತೆ. ಒಂದೆರಡು ದಿನದ ಕ್ಲಾಸು, ಸಾವಿರಗಟ್ಟಲೆ ಫೀಸು, ಕೊನೆಗೆ ಹಾಲ್‌ನಲ್ಲಿ ಪ್ರದರ್ಶನ. ಅಪ್ಪ ವಿಡಿಯೊ ಮಾಡುತ್ತಾರೆ, ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ.

ಇಂಥ ಶಕ್ತಿಯನ್ನು ಹಾಲ್‌ನಲ್ಲಿ ಸುಮ್ನೆ ಹಾಳುಮಾಡುವುದು ಯಾಕೆ? ಬಜಪೆ ವಿಮಾನ ನಿಲ್ದಾಣದ ಎಕ್ಸ್‌ರೇ ಮೆಷಿನ್ ತೆಗೆದು ಒಂದು ಮಗುವನ್ನು ಸ್ಟೂಲ್ ಮೇಲೆ ಕೂರಿಸಿ. ಮಲ್ಪೆಯ ಮೀನಿನ ಬೋಟಿನಲ್ಲಿ ಇನ್ನೊಂದು ಮಗು ಕೂತು, "ಬಂಗುಡೆ ಆಚೆ, ಬೂತಾಯಿ ಈಚೆ" ಅಂತ ಬೆರಳು ತೋರಿಸಲಿ. ಗಾಂಧಾರಿಗೆ ಈ ಕ್ಲಾಸು ಸಿಕ್ಕಿದ್ದರೆ ಬಟ್ಟೆ ಬಿಚ್ಚದೆಯೇ ನೂರು ಮಕ್ಕಳ ಮೇಲೂ ಕಣ್ಣಿಡುತ್ತಿದ್ದಳು. ಕುರುಕ್ಷೇತ್ರವೇ ಆಗುತ್ತಿರಲಿಲ್ಲ. ನಷ್ಟ ಆಗುತ್ತಿದ್ದದ್ದು ಯಕ್ಷಗಾನ ಮೇಳದವರಿಗೆ ಮಾತ್ರ.

ಆದರೆ ಈ ಶಕ್ತಿಗೆ ಕೆಲವು ಷರತ್ತುಗಳಿವೆ ಮಾರಾಯ್ರೆ. ಓದಬೇಕಾದ ಕಾರ್ಡು ಮೂಗಿನ ಕೆಳಗೇ ಇರಬೇಕು. ತಲೆಯ ಹಿಂದೆ ಹಿಡಿದರೆ ಆಗುವುದಿಲ್ಲ. ಲೈಟ್ ಆಫ್ ಮಾಡಿದರಂತೂ ಆಗುವುದೇ ಇಲ್ಲ. ಕಣ್ಣು ಬೇಡ ಅನ್ನುವ ವಿದ್ಯೆಗೆ ಟ್ಯೂಬ್‌ಲೈಟ್ ಬೇಕೇ ಬೇಕು! ಅಂದರೆ ಮೆಸ್ಕಾಂಗೆ ಫೋನ್ ಮಾಡದೆ ಗತಿಯಿಲ್ಲ. ಇನ್ನೂ ಒಂದು ವಿಷಯ. ಕಣ್ಣಿಲ್ಲದೆ ಓದುವುದನ್ನು ಮೊದಲು ಕಣ್ಣು ಕಾಣದ ಮಕ್ಕಳಿಗೆ ಕಲಿಸಬೇಕಿತ್ತು, ಅಲ್ವಾ? ಅವರು ಮಾತ್ರ ಈ ಪ್ರದರ್ಶನದ ವೇದಿಕೆಯಲ್ಲಿ ಯಾಕೋ ಕಾಣಿಸುವುದಿಲ್ಲ.

ಗುಟ್ಟು ಇರುವುದು ಮೂಗಿನಲ್ಲಿ. ಕಣ್ಣಿಗೆ ಬಟ್ಟೆ ಕಟ್ಟಿದಾಗ ಮೂಗಿನ ಎರಡೂ ಪಕ್ಕ ಸಣ್ಣ ಸಂದಿ ಉಳಿಯುತ್ತದೆ. ಗದ್ದ ಸ್ವಲ್ಪ ಎತ್ತಿದರೆ ಕೈಯಲ್ಲಿರುವುದೆಲ್ಲ ಆ ಸಂದಿಯಿಂದ ಕಾಣುತ್ತದೆ. ಜಾದೂಗಾರರು ಈ ಸಂದಿಯಿಂದ ಎಷ್ಟೋ ಕಾಲದಿಂದ ಅನ್ನ ಸಂಪಾದಿಸಿದ್ದಾರೆ. ಅವರು ಅದನ್ನು ಜಾದೂ ಅಂತಲೇ ಹೇಳಿ ಟಿಕೆಟ್ ಮಾರಿದರು, ಅಷ್ಟೇ ವ್ಯತ್ಯಾಸ. ಕಸ್ತೂರಬಾ ಮೆಡಿಕಲ್ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಕಲಿಸಿದ ನಮ್ಮ ಊರಿನ ವಿಚಾರವಾದಿ ನರೇಂದ್ರ ನಾಯಕ್ ಈ ಸಂದಿಯ ಕತೆಯನ್ನು ವರ್ಷಗಳಿಂದ ಹೇಳುತ್ತಲೇ ಇದ್ದಾರೆ. ಅದು ಪುಕ್ಕಟೆ. ಫೀಸಿಲ್ಲದ ಬುದ್ಧಿಗೆ ಎಂತ ಬೆಲೆ?

ಇನ್ನು ಮಿಡ್‌ಬ್ರೈನ್ ವಿಷಯ. ಅದು ಮಿದುಳಿನ ಕಾಂಡದ ಮೇಲ್ತುದಿಯಲ್ಲಿರುವ, ಸುಮಾರು 2 ಸೆಂಟಿಮೀಟರ್ ಉದ್ದದ ಭಾಗ. ಹುಟ್ಟಿದಾಗಿನಿಂದ ರಜೆ ಇಲ್ಲದೆ ದುಡಿಯುತ್ತದೆ. ನಮ್ಮನ್ನು ಎಚ್ಚರವಾಗಿ ಇಡುವುದರಲ್ಲಿ ಅದಕ್ಕೆ ಪಾಲಿದೆ. ಅದು ನಿಜವಾಗಿ ಮಲಗಿದ್ದರೆ ಮಗುವನ್ನು ಕ್ಲಾಸಿಗಲ್ಲ, ಐಸಿಯುಗೆ ಸೇರಿಸಬೇಕಿತ್ತು. ಅದರ ಇನ್ನೊಂದು ಕೆಲಸ ಗೊತ್ತಾ? ಕಣ್ಣುಗುಡ್ಡೆಯನ್ನು ಮೇಲೆ ಕೆಳಗೆ ಹೊರಳಿಸುವುದು. ಬಟ್ಟೆಯ ಸಂದಿಯಿಂದ ಕೆಳಗೆ ಇಣುಕಲು ಬೇಕಾದದ್ದೂ ಅದೇ! ಹಾಗೆ ನೋಡಿದರೆ ಕ್ಲಾಸಿನಲ್ಲಿ ಮಿಡ್‌ಬ್ರೈನ್ ಚೆನ್ನಾಗಿಯೇ ಕೆಲಸ ಮಾಡಿದೆ. ಯಾರೂ ಫೀಸು ವಾಪಸ್ ಕೇಳುವ ಹಾಗಿಲ್ಲ.

ನೂರು ವರ್ಷಕ್ಕೂ ಹಿಂದೆ ಬರ್ಲಿನ್ನಿನಲ್ಲಿ ಹಾನ್ಸ್ ಅಂತ ಒಂದು ಕುದುರೆ ಇತ್ತು. ಲೆಕ್ಕ ಕೇಳಿದರೆ ಗೊರಸು ಬಡಿದು ಉತ್ತರ ಹೇಳುತ್ತಿತ್ತು. ದೊಡ್ಡ ದೊಡ್ಡವರೇ ತಲೆದೂಗಿದರು. 1907ರಲ್ಲಿ ಆಸ್ಕರ್ ಫುಂಗ್ಸ್ಟ್ ಎಂಬವರು ಸರಿಯಾಗಿ ಪರೀಕ್ಷೆ ಮಾಡಿದರು. ಸರಿ ಉತ್ತರದ ಹೊತ್ತಿಗೆ ಪ್ರಶ್ನೆ ಕೇಳಿದವರ ತಲೆ ಅವರಿಗೇ ತಿಳಿಯದಂತೆ ತುಸು ಅಲುಗುತ್ತಿತ್ತು, ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು. ಅವರು ಕಾಣದಂತೆ ಮರೆ ಮಾಡಿದರೆ ಲೆಕ್ಕವೆಲ್ಲ ತಪ್ಪು. ಪಾಪ, ಪ್ರಾಮಾಣಿಕ ಪ್ರಾಣಿ. ಕಣ್ಣಿಗೆ ಅಡ್ಡ ಬಂದ ಮೇಲೂ ಓದುವುದು ಅದಕ್ಕೆ ಗೊತ್ತಿರಲಿಲ್ಲ.

ಆ ಕುದುರೆಯಷ್ಟೇ ಚುರುಕು ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಡುವ ನಮ್ಮ ಬಸ್ಸಿನ ಕಂಡಕ್ಟರ್. ಕೈಯಲ್ಲಿ ಮಡಚಿದ ಬಿಳಿ ಕೋಟು ಕಂಡರೆ ಸಾಕು, ಬಾಯಿ ಬಿಡುವ ಮೊದಲೇ "ದೇರಳಕಟ್ಟೆಯಾ?" ಅನ್ನುತ್ತಾರೆ, ಮೆಡಿಕಲ್ ಕಾಲೇಜುಗಳು ಇರುವುದು ಅಲ್ಲಿ. ಯಾರು ಇನ್ನೂ ಟಿಕೆಟ್ ತೆಗೆದಿಲ್ಲ ಅಂತ ಮುಖ ನೋಡಿಯೇ ಹೇಳುತ್ತಾರೆ. ಪರರ ಮನಸ್ಸು ಓದುವುದು ಅಂದರೆ ಇದು. ಆದರೆ ಅವರ ಪಾದಕ್ಕೆ ಯಾರೂ ಬಿದ್ದಿಲ್ಲ. ಚಿಲ್ಲರೆಗೆ ಜಗಳ ಮಾಡುತ್ತೇವೆ.

ಮನೆಯಲ್ಲೂ ಇಂಥದ್ದು ಇದೆ. ಅತ್ತೆಯನ್ನು ನೆನೆಸಿಕೊಂಡ ಗಳಿಗೆಗೆ ಅತ್ತೆಯದೇ ಫೋನ್ ಬಂದರೆ "ನಿಮಗೆ ನೂರು ವರ್ಷ ಆಯಸ್ಸು" ಅನ್ನುತ್ತೇವೆ. ನೆನೆಸಿಕೊಂಡೂ ಫೋನ್ ಬಾರದ ದಿನಗಳ ಲೆಕ್ಕ ಯಾರೂ ಇಡುವುದಿಲ್ಲ. ಇರಲಿ, ಈ ಶಕ್ತಿಗೆ ಖರ್ಚಿಲ್ಲ.

ಕ್ಲಾಸಿಗೆ ಮಕ್ಕಳನ್ನು ಕಳಿಸುವವರು ಯಾರು ಅಂತ ಕೇಳಬೇಡಿ. ಎಸ್ಸೆಸ್ಸೆಲ್ಸಿಯಲ್ಲಿ 2024ರಲ್ಲಿ ಉಡುಪಿ ರಾಜ್ಯಕ್ಕೇ ಮೊದಲು, 2025ರಲ್ಲಿ ದಕ್ಷಿಣ ಕನ್ನಡ ಮೊದಲು. ಓದಿದವರ ಜಿಲ್ಲೆ! ನೂರಕ್ಕೆ ತೊಂಬತ್ತೆಂಟು ಬಂದರೂ ಉಳಿದ ಎರಡು ಎಲ್ಲಿ ಹೋಯಿತು ಎಂದು ಹುಡುಕುವ ಅಪ್ಪ ಅಮ್ಮಂದಿರು. ಆ ಎರಡು ಮಾರ್ಕು ಮಿಡ್‌ಬ್ರೈನಿನಲ್ಲಿ ಸಿಕ್ಕಿಕೊಂಡಿದೆ ಅಂತ ಹೇಳಿದರೆ ನಂಬದೆ ಇರುತ್ತಾರಾ?

ಮಗು ಮಾತ್ರ ಒಂದು ವಿದ್ಯೆ ನಿಜವಾಗಿ ಕಲಿತಿದೆ. ಮುಖವನ್ನು ನೆಟ್ಟಗೆ ಇಟ್ಟು, ಏನೂ ಕಾಣದವರ ಹಾಗೆ ನಟಿಸುತ್ತಾ, ಸಣ್ಣ ಸಂದಿಯಿಂದ ಓದುವುದು. ಓದಿದ್ದು ಅಪ್ಪ ಅಮ್ಮನಿಗೂ ಗೊತ್ತಾಗಬಾರದು. ಪರೀಕ್ಷಾ ಮಂಡಳಿಯವರು ಕೋಣೆಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಶುರು ಮಾಡಿದ್ದಾರೆ. ಅವರು ಮಕ್ಕಳ ಕೈ ನೋಡುತ್ತಿದ್ದಾರೆ. ಮೂಗು ನೋಡುವುದು ಒಳ್ಳೆಯದು.