ನಿನ್ ಗಾಡಿ ಕಂಪನಿನೇ ಸರಿಯಿಲ್ಲ

ನಮ್ಮ ಬಳ್ಳಾರಿಯಲ್ಲಿ ಕಾರು ಕೆಟ್ಟು ನಿಂತರೆ ಬಾನೆಟ್ ಎತ್ತೋ ಮೊದಲೇ ಯಾರಾದರೂ ಬಂದು ತೀರ್ಪು ಕೊಟ್ಟುಬಿಡುತ್ತಾರೆ. "ಈ ಕಂಪನಿ ಗಾಡಿ ತಗೋಬಾರದಿತ್ತು ನೋಡ್ರಿ." ಪಂಚರ್ ಆಗಿದ್ದರೂ ಅದೇ ಮಾತು. ಟೈರಿನಲ್ಲಿ ಮೊಳೆ ಕಣ್ಣಿಗೆ ಕಾಣ್ತಾ ಇರುತ್ತೆ, ಆದರೂ ತಪ್ಪು ಕಂಪನಿಯದು. ನನಗೆ ಇದನ್ನ ಹೇಳಿದ್ದು ಸ್ವಂತ ಸೋದರಮಾವ. ಅದೂ ನನ್ನ ಗಾಡಿಯ ಕ್ಲಚ್ ಪ್ಲೇಟನ್ನ ತಮ್ಮ ಕಾಲಿಂದಲೇ ಸುಟ್ಟ ಮೇಲೆ. ಗ್ಯಾರೇಜಿನ ಬಿಲ್ ಇನ್ನೂ ಅಂಗಿ ಜೇಬಿನಲ್ಲೇ ಇದೆ. ಎಷ್ಟಾಯ್ತು ಅಂತ ಇಲ್ಲಿ ಬರೆಯಲ್ಲ, ಮನೆಯವರು ಓದುತ್ತಾರೆ.

ಮಾಮ ಅಂಥಿಂಥ ಡ್ರೈವರ್ ಅಲ್ಲ. ಒಂದು ಕಾಲದಲ್ಲಿ ಹತ್ತಿ ವ್ಯಾಪಾರಿಯೊಬ್ಬರ ಅಂಬಾಸಿಡರ್ ಓಡಿಸಿದವರು. ಗೇರು ಸ್ಟೇರಿಂಗ್ ಪಕ್ಕದಲ್ಲಿ ಇರುತ್ತಿದ್ದ ಕಾಲ. ಅದನ್ನ ಓಡಿಸಿದವನಿಗೆ ಜಗತ್ತಿನ ಯಾವ ಗಾಡಿಯೂ ಲೆಕ್ಕಕ್ಕಿಲ್ಲ ಅನ್ನೋದು ಅವರ ನಂಬಿಕೆ. ನಾನು ಒಪ್ಪುತ್ತೇನೆ. ಆದರೆ ಅವರ ಎಡಗಾಲನ್ನ ಮಾತ್ರ ಒಪ್ಪೋಕಾಗಲ್ಲ. ಸೀಟಿನಲ್ಲಿ ಕೂತ ತಕ್ಷಣ ಆ ಕಾಲು ಕ್ಲಚ್ ಮೇಲೆ ಹೋಗುತ್ತೆ, ಮನೆ ಬಂದ ಮೇಲೇ ಇಳಿಯುತ್ತೆ. ಪೆಡಲ್ ಮೇಲೆ ಸ್ವಲ್ಪ ಭಾರ ಬಿದ್ದರೂ ಇಂಜಿನ್ ಬಲವನ್ನ ಚಕ್ರಕ್ಕೆ ದಾಟಿಸೋ ಪ್ಲೇಟು ಗಟ್ಟಿಯಾಗಿ ಹಿಡಿಯಲ್ಲ, ಜಾರುತ್ತೆ, ಜಾರಿದಷ್ಟೂ ಸವೆಯುತ್ತೆ. ಹೇಳಿ ನೋಡಿದೆ. "ಮತ್ತೆ ಕಾಲು ಎಲ್ಲಿ ಇಡ್ಲಿ, ಡಿಕ್ಕಿಯಲ್ಲಿಡ್ಲಾ?" ಅಂದರು. ಕಾಲು ಇಡೋಕೆ ಅಂತಲೇ ಕ್ಲಚ್ ಪಕ್ಕದಲ್ಲಿ ಕಂಪನಿಯವರು ಒಂದು ಜಾಗ ಕೊಟ್ಟಿರುತ್ತಾರಲ್ವಾ, ತೋರಿಸೋಣ ಅಂತ ಬಗ್ಗಿ ನೋಡಿದೆ. ಅಲ್ಲಿ ಮಾಮನ ಚಪ್ಪಲಿ ಇತ್ತು. ಗಾಡಿ ಓಡಿಸುವಾಗ ಅವರು ಚಪ್ಪಲಿ ಬಿಡುತ್ತಾರೆ, ಎರಡನ್ನೂ ಜೋಡಿಸಿ ಅಲ್ಲಿಡುತ್ತಾರೆ.

ಇನ್ನು ಬೆಟ್ಟದ ಕಥೆ. ಸಂಡೂರಿನ ಕುಮಾರಸ್ವಾಮಿ ದೇವಸ್ಥಾನಕ್ಕೆ ಹೊರಟಿದ್ದೆವು. ಮಾಮ ಸ್ಟೇರಿಂಗ್‌ನಲ್ಲಿ, ನಾನು ಪಕ್ಕದಲ್ಲಿ, ಹಿಂದೆ ಮಾಮನ ಗೆಳೆಯರಿಬ್ಬರು. ಏರು ಹತ್ತುವಾಗ ಮುಂದೆ ಎಲ್ಲೋ ತಿರುವಿನಲ್ಲಿ ಅದಿರು ಲಾರಿಯೊಂದು ನಿಂತುಬಿಟ್ಟಿತ್ತು, ಅದರ ಹಿಂದೆ ಸಾಲು. ನಮ್ಮ ಮುಂದೆಯೂ ಒಂದು ಲಾರಿ. ಏರಿನಲ್ಲಿ ನಿಂತರೆ ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್ ಮಾಡಿ ಸುಮ್ನೆ ಕೂರಬೇಕು. ಮಾಮ ಹ್ಯಾಂಡ್‌ಬ್ರೇಕ್ ಮುಟ್ಟಲ್ಲ. ಅದು ರಾತ್ರಿ ಗಾಡಿ ನಿಲ್ಲಿಸೋಕೆ ಮಾತ್ರ ಅಂತೆ. ಅರ್ಧ ಕ್ಲಚ್ಚು, ಅರ್ಧ ಆಕ್ಸಿಲೇಟರು, ಗಾಡಿ ಮುಂದಕ್ಕೂ ಹೋಗದೆ ಹಿಂದಕ್ಕೂ ಜಾರದೆ ನಿಂತಲ್ಲೇ ನಡುಗ್ತಾ ಇದೆ, ಮಾಮ ಬಲಗೈ ಕಿಟಕಿಯಿಂದ ಹೊರಗೆ ಇಳಿಬಿಟ್ಟು ಹಿಂದಿನವರಿಗೆ ಪಾಠ ಹೇಳ್ತಾ ಇದ್ದಾರೆ. "ನೋಡ್ರಿ, ಬ್ರೇಕ್ ಮುಟ್ಟಿಲ್ಲ. ಇದಕ್ಕೆ ಕಾಲಲ್ಲಿ ಕಸುಬು ಬೇಕು." ಹಿಂದಿನವರು "ಹೌದು ಬಿಡ್ರಿ" ಅಂದರು.

"ಮಾಮ, ಹ್ಯಾಂಡ್‌ಬ್ರೇಕ್ ಹಾಕ್ರಿ" ಅಂದೆ.

"ನೀ ಸುಮ್ನಿರೋ ಅಳಿಯ."

ಸ್ವಲ್ಪ ಹೊತ್ತಿಗೆ ವಾಸನೆ ಶುರುವಾಯ್ತು. ಗಾಡಿ ಇಟ್ಟುಕೊಂಡವರಿಗೆ ಆ ವಾಸನೆ ಗೊತ್ತಿರುತ್ತೆ, ಮೂಗಿಗೆ ಬಂದ ಕೂಡಲೇ ಬ್ಯಾಂಕಿನಲ್ಲಿ ಎಷ್ಟಿದೆ ಅಂತ ನೆನಪಾಗುತ್ತೆ. ಮಾಮನಿಗೂ ಬಂತು. ಅವರು ಕತ್ತು ಹೊರಗೆ ಹಾಕಿ ಮುಂದಿನ ಲಾರಿಯ ಕ್ಲೀನರ್ ಹುಡುಗನಿಗೆ ಕೂಗಿದರು. "ಏ ತಮ್ಮಾ, ನಿಮ್ ಗಾಡಿ ಕ್ಲಚ್ ಪ್ಲೇಟ್ ಸುಡ್ತೈತೆ, ಇಳಿದು ನೋಡು!" ಪಾಪ, ಒಳ್ಳೆ ಹುಡುಗ, ಇಳಿದ. ಹಿಂದಿನ ಚಕ್ರದ ಹತ್ತಿರ ಕೂತು ಮೂಸಿದ. ಲಾರಿ ಕೆಳಗೆ ತೂರಿ ಮೂಸಿ ಬಂದ. ಆಮೇಲೆ ಡ್ರೈವರನ್ನೂ ಕರೆದ. ಅವನು ಬೀಡಿ ಎಸೆದು ಮೂಸಿದ. ಪಕ್ಕದಲ್ಲಿ ಬೈಕ್ ನಿಲ್ಲಿಸಿದ್ದವನಿಗೆ ಏನನ್ನಿಸಿತೋ, ಅವನೂ ಬಂದು ಸೇರಿಕೊಂಡ. ಮೂರೂ ಜನ ಮೂಗು ಮುಂದೆ ಮಾಡಿಕೊಂಡು ಒಂದೊಂದೇ ಹೆಜ್ಜೆ ಹಿಂದೆ ಹಿಂದೆ ಬಂದು ನಮ್ಮ ಬಾನೆಟ್ ಮುಂದೆ ನಿಂತರು. ಮಾಮ ಇನ್ನೂ ಅರ್ಧ ಕ್ಲಚ್‌ನಲ್ಲೇ ಇದ್ದಾರೆ. ಡ್ರೈವರ್ ಮೆಲ್ಲಗೆ, ಮರ್ಯಾದೆಯಿಂದಲೇ ಹೇಳಿದ. "ಅಣ್ಣಾರ, ನಮ್ದಲ್ಲ."

"ಮತ್ತೆ ಯಾರ್ದು?" ಅಂದರು ಮಾಮ.

ಹಿಂದಿನ ಸೀಟಿನಿಂದ ಒಬ್ಬರು "ಹಿಂದಿನ ಗಾಡಿದಿರಬೇಕು" ಅಂದರು. ಮಾಮ ತಿರುಗಿ ನೋಡಿದರು. ಹಿಂದೆ ಯಾವ ಗಾಡಿಯೂ ಇರಲಿಲ್ಲ.

ಅಷ್ಟರಲ್ಲಿ ಸಾಲು ಕದಲಿತು. ಮಾಮ ಆಕ್ಸಿಲೇಟರ್ ಒತ್ತಿದರು. ಇಂಜಿನ್ ಬೊಬ್ಬೆ ಹೊಡೆಯಿತು, ಮುಳ್ಳು ಮೇಲಕ್ಕೆ ಹೋಯಿತು, ಗಾಡಿ ಅಲ್ಲೇ ಇತ್ತು. ಆಗ ಅವರು ಇಂಜಿನ್ ಆಫ್ ಮಾಡಿ, ಮೊದಲ ಬಾರಿಗೆ ಹ್ಯಾಂಡ್‌ಬ್ರೇಕ್ ಎಳೆದು, ಚಪ್ಪಲಿ ಹಾಕಿಕೊಂಡು ಕೆಳಗಿಳಿದು, ಬಾನೆಟ್ ಮೇಲೆ ಎರಡು ಸಲ ತಟ್ಟಿ ಹೇಳಿದರು. "ನಿನ್ ಗಾಡಿ ಕಂಪನಿನೇ ಸರಿಯಿಲ್ಲ ಬಿಡೋ." ಆಮೇಲೆ ಮಾಮ, ಗೆಳೆಯರು ಮೂವರೂ ಅದೇ ಲಾರಿ ಹತ್ತಿ ದರ್ಶನಕ್ಕೆ ಹೋದರು. ನಾನು ಟೋಯಿಂಗ್ ಗಾಡಿಗೆ ಕಾಯುತ್ತಾ ಕೂತೆ. ವಾಪಸ್ ಬರುವಾಗ ಪ್ರಸಾದ ತಂದುಕೊಟ್ಟರು, ಅದನ್ನ ಇಲ್ಲ ಅನ್ನಲ್ಲ.

ಗ್ಯಾರೇಜಿನ ಮಿಸ್ತ್ರಿ ಪ್ಲೇಟ್ ಬಿಚ್ಚಿ ಕೈಗೆ ಕೊಟ್ಟ. ಮೇಲಿನ ಪದರವೆಲ್ಲ ಸವೆದು ರಿವೆಟ್ ಎದ್ದು ಕಾಣ್ತಿತ್ತು. ಅದನ್ನ ಒತ್ತಿ ಹಿಡಿಯೋ ಪ್ರೆಷರ್ ಪ್ಲೇಟು ಕಾವಿಗೆ ಅಲ್ಲಲ್ಲಿ ನೀಲಿ ತಿರುಗಿತ್ತು. "ಯಾರು ಸಾರ್ ಓಡ್ಸಿದ್ದು?" ಅಂದ. ನಮ್ಮ ಮಾವ ಅಂದೆ. "ಅಂಬಾಸಿಡರ್ ಓಡಿಸ್ತಿದ್ರಾ?" ಅಂದ. ಅವನ ಅನುಭವ ದೊಡ್ಡದು. ಬಿಚ್ಚಿದ್ದೇ ಬಿಚ್ಚಿದ್ದು ಅಂತ ಏರ್ ಫಿಲ್ಟರೂ ತೆಗೆದು ಬೆಂಚಿನ ಮೇಲೆ ಕುಟ್ಟಿದ, ಹಣೆಗೆ ಇಟ್ಟುಕೊಳ್ಳುವಷ್ಟು ನುಣ್ಣನೆಯ ಕುಂಕುಮದ ಹಾಗೆ ಕೆಂಪು ಧೂಳು ಗುಡ್ಡೆ ಬಿತ್ತು.

ಕಾರಿನ ಜೊತೆ ಬರೋ ಪುಸ್ತಕ ಯಾರೂ ಓದಲ್ಲ, ಅದು ಗ್ಲೋವ್ ಬಾಕ್ಸಿನಲ್ಲಿ ಇನ್ಶೂರೆನ್ಸ್ ಪೇಪರ್ ಕೆಳಗೆ ಇರುತ್ತೆ. ನಾನು ಟೋಯಿಂಗ್ ಗಾಡಿಗೆ ಕಾಯುವಾಗ ಬೇರೆ ಕೆಲಸವಿಲ್ಲದೆ ಓದಿದೆ. ಕಷ್ಟದ ಬಳಕೆ ಅಂತ ಅದರಲ್ಲಿ ಒಂದು ಪುಟ ಇದೆ. ಧೂಳಿನ ರಸ್ತೆ, ವಿಪರೀತ ಬಿಸಿಲು, ನಿಂತು ನಿಂತು ಓಡಿಸೋದು, ಇಂಜಿನ್ ಬಿಸಿಯಾಗೋ ಮೊದಲೇ ಮುಗಿಯುವ ಸಣ್ಣ ಓಡಾಟ. ಹೀಗಿದ್ದರೆ ಆಯಿಲ್, ಫಿಲ್ಟರ್ ಎಲ್ಲ ಬೇಗ ಬದಲಾಯಿಸಿ ಅಂತ. ಅದನ್ನ ಬರೆದವನು ಬಳ್ಳಾರಿಗೆ ಬಂದು ಹೋದವನೇ ಇರಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಮಗೆ 40 ಡಿಗ್ರಿ ದಾಟೋದು ಸುದ್ದಿನೇ ಅಲ್ಲ. ಮನೆಯಿಂದ ರಾಯಲ್ ಸರ್ಕಲ್‌ಗೆ ಹೋಗಿ ಬರೋದು ಬಿಟ್ಟರೆ ಗಾಡಿಗೆ ಬೇರೆ ಓಟವೇ ಇಲ್ಲ. "10,000 ಕಿಲೋಮೀಟರ್ ಅಥವಾ 1 ವರ್ಷ, ಯಾವುದು ಮೊದಲೋ ಅದು" ಅಂತ ಸರ್ವಿಸ್‌ಗೆ ಬರೆದಿರುತ್ತಾರೆ. ನಮ್ಮ ಜನ ಮೊದಲ ಅರ್ಧ ಮಾತ್ರ ಓದುತ್ತಾರೆ. ನಮ್ಮ ಬೀದಿಯಲ್ಲೇ ಒಬ್ಬರ ಕಾರು ಮೂರು ವರ್ಷದಿಂದ ಅದೇ ಆಯಿಲ್‌ನಲ್ಲಿದೆ, ಯಾಕೆ ಅಂದರೆ "ಜಾಸ್ತಿ ಓಡಿಲ್ಲ". ಆಯಿಲ್ ಸುಮ್ನೆ ನಿಂತರೂ ಹಳೆಯದಾಗುತ್ತೆ ಅಂದರೆ ನಗುತ್ತಾರೆ.

ಬ್ರ್ಯಾಂಡ್‌ಗೆ ಅರ್ಥವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಕೆಲವು ಇಂಜಿನ್ ನಿಜವಾಗಲೂ ಗಟ್ಟಿ. ಸ್ಪೇರ್ ಸಿಗಬೇಕು, ಅದು ದೊಡ್ಡ ಮಾತು. ಷೆವ್ರೊಲೆ 2017ರ ಕೊನೆಗೆ ನಮ್ಮ ದೇಶದಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ಇಲ್ಲಿ ಕಾರು ಮಾಡೋದು ನಿಲ್ಲಿಸುತ್ತೇವೆ ಅಂದಿತು. ಹಾಗಾದಾಗ ಎಂಥ ಒಳ್ಳೆ ಗಾಡಿ ಇಟ್ಟುಕೊಂಡವನಿಗೂ ಎದೆ ಧಸಕ್ ಅನ್ನುತ್ತೆ. ಆದರೆ 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸೋ ತನಕ ಗಣಿ ದುಡ್ಡಿನಲ್ಲಿ ಈ ಊರ ರಸ್ತೆಯಲ್ಲಿ ಏನೇನು ಗಾಡಿ ಓಡಿಲ್ಲ ಹೇಳಿ? ಕೋಟಿ ಬೆಲೆಯ ಕಾರಿನ ಫಿಲ್ಟರಿಗೂ ಅದೇ ಕೆಂಪು ಧೂಳೇ ಹೋಗಿದ್ದು.

ಮಾಮನ ಅಂಬಾಸಿಡರ್ ಎಂದೂ ದಾರಿಯಲ್ಲಿ ಕೈ ಕೊಟ್ಟಿಲ್ಲ. ಇದು ನಿಜ, ನಾನೇ ಅದರಲ್ಲಿ ಮಂತ್ರಾಲಯಕ್ಕೆ ಹೋಗಿದ್ದೇನೆ. ಹಿಂದಿನ ಸೀಟಿನಲ್ಲಿ ದೊಡ್ಡವರು ನಾಲ್ಕು ಜನ, ಅವರ ತೊಡೆ ಮೇಲೆ ನಾವು ಮಕ್ಕಳು. ಆದರೆ ನನಗೆ ಜಾಸ್ತಿ ನೆನಪಿರೋದು ಹೊರಡೋ ಮುಂಚಿನ ಬೆಳಗ್ಗೆ. ಮಾಮ ಇನ್ನೂ ಕತ್ತಲಿರುವಾಗಲೇ ಬಾನೆಟ್ ಎತ್ತಿ, ಆಯಿಲ್ ಕಡ್ಡಿ ಎಳೆದು, ತಮ್ಮ ಬನಿಯನ್ ತುದಿಗೆ ಒರೆಸಿ, ಮತ್ತೆ ಹಾಕಿ ಎಳೆದು ನೋಡುತ್ತಿದ್ದರು. ರೇಡಿಯೇಟರ್‌ಗೆ ನೀರು, ಬ್ಯಾಟರಿಗೆ ನೀರು, ಟೈರಿಗೆ ಒಂದೊಂದು ಒದೆ. ಅದು ದಿನಾ ಕೇಳ್ತಿತ್ತು, ಇವರು ದಿನಾ ಕೊಡ್ತಿದ್ದರು. 2014ರಲ್ಲಿ ಅಂಬಾಸಿಡರ್ ಮಾಡೋದು ನಿಂತಿತು ಅಂತ ಪೇಪರಿನಲ್ಲಿ ಬಂದ ದಿನ ಮಾಮ ಊಟ ಸರಿಯಾಗಿ ಮಾಡಲಿಲ್ಲ ಅಂತ ಅತ್ತೆ ಹೇಳ್ತಿದ್ದರು. ಈಗಿನ ಗಾಡಿ ಏನೂ ಕೇಳಲ್ಲ, ಅದಕ್ಕೇ ಅವರು ಅದರ ಮುಖ ನೋಡಲ್ಲ. ನೋಡಿದಾಗ ಇನ್ನೂ ಕಷ್ಟ. ಕೂಲೆಂಟ್ ಡಬ್ಬಿ ಸ್ವಲ್ಪ ಇಳಿದಿತ್ತು ಅಂತ ನಮ್ಮ ಬೋರ್‌ವೆಲ್ ನೀರು ತುಂಬಿಸಿದ್ದರು. ಆ ನೀರು ಮನೆಯ ಗೀಸರ್ ಒಳಗೆ ಏನು ಮಾಡಿದೆ ಅಂತ ಬಳ್ಳಾರಿಯವರಿಗೆ ಹೇಳಬೇಕಾಗಿಲ್ಲ, ರೇಡಿಯೇಟರ್ ಒಳಗೂ ಅದೇ ಬಿಳಿ ಉಪ್ಪು ಕಟ್ಟುತ್ತೆ.

ಬಿಲ್ ವಿಷಯ ಮಾಮನಿಗೆ ಗೊತ್ತಾಯ್ತು. ಬೇಜಾರು ಮಾಡಿಕೊಂಡರು, ನನ್ನ ಪರವಾಗಿ, ಕಂಪನಿ ಮೇಲೆ. "ವಾರಂಟಿಲಿ ಬರಲ್ವಾ?" ಅಂದರು. ಕ್ಲಚ್ ಪ್ಲೇಟ್ ಸವೆಯೋ ಸಾಮಾನು ಮಾಮ, ವಾರಂಟಿಗೆ ಬರಲ್ಲ ಅಂದೆ. "ಹಂಗಾದ್ರೆ ಬಿಡಬ್ಯಾಡ. ಏನೇನಾಯ್ತು ಎಲ್ಲಾ ಬರೆದು ಕಂಪನಿಗೆ ಒಂದು ಕಂಪ್ಲೇಂಟ್ ಹಾಕು. ಬಳ್ಳಾರಿ ಮಂದಿ ಅಂದ್ರೆ ಏನಂತ ಗೊತ್ತಾಗ್ಲಿ." ಬೆಳಗ್ಗೆಯಿಂದ ಎದುರಿನ ಕುರ್ಚಿಯಲ್ಲಿ ಪೇಪರ್ ಓದುತ್ತಾ ಕೂತಿದ್ದಾರೆ, ನಡುನಡುವೆ "ಬರ್ದ್ಯಾ?" ಅಂತ ಕೇಳ್ತಾರೆ. ಬರೀತಿದೀನಿ ಮಾಮ ಅಂತ ಇದನ್ನ ಟೈಪ್ ಮಾಡ್ತಾ ಇದ್ದೇನೆ. ಈಗಷ್ಟೇ ಅಡುಗೆಮನೆ ಕಡೆ ತಿರುಗಿ ಅಮ್ಮನಿಗೆ ಹೇಳಿದರು. "ಹುಡುಗ ಒಂದೂ ಬಿಡದಂಗೆ ಬರೀತಿದಾನಕ್ಕ, ಅವ್ರು ದುಡ್ಡು ವಾಪಸ್ ಕೊಡ್ಲೇಬೇಕು ನೋಡು."