ಎಂಬಿಎ ಸೇರಲು ಸೈನ್ಸ್ ಓದಿರಲೇಬೇಕು ಎಂಬುದು ಸುಳ್ಳು

‘ಎಂಬಿಎಯಲ್ಲಿ ಈಗ ಡೇಟಾ, ಕೋಡಿಂಗ್ ಎಲ್ಲ ಬಂದಿದೆ. ಪಿಯುಸಿಯಲ್ಲಿ ಸೈನ್ಸ್ ಓದದವರಿಗೆ ಸೀಟಿಲ್ಲ’ ಎಂಬ ಮೆಸೇಜ್ ಕೋಲಾರದ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿದೆ. ನಂಬಬೇಡಿ.

ಪಿಜಿಸಿಇಟಿ (ರಾಜ್ಯದ ಸ್ನಾತಕೋತ್ತರ ಪ್ರವೇಶ ಪರೀಕ್ಷೆ) ಮೂಲಕ ಎಂಬಿಎ ಸೇರಲು ಬಿಎ, ಬಿಕಾಂ ಸೇರಿ ಯಾವುದೇ ಪದವಿ ಆಗುತ್ತದೆ. ಶೇ 50 ಅಂಕ ಇರಬೇಕು. ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ರವರಿಗೆ ಶೇ 45 ಸಾಕು.

ಡೇಟಾ ಅನಾಲಿಟಿಕ್ಸ್ ಪಾಠ ಹಲವೆಡೆ ಸೇರಿರುವುದು ನಿಜ. ಆದರೆ ಹೆದರುವಂಥದ್ದೇನಿಲ್ಲ. ನಮ್ಮ ಎಪಿಎಂಸಿಯ ಟೊಮೆಟೊ ರೇಟನ್ನೇ ತಗೊಳ್ಳಿ. ದಿನದಿನದ ರೇಟನ್ನು ಎಕ್ಸೆಲ್‌ನಲ್ಲಿ ಹಾಕಿ, ಏಳು ದಿನಗಳ ಸರಾಸರಿ ತೆಗೆಯುತ್ತಾ ಹೋದರೆ ಬೆಲೆ ಯಾವ ಕಡೆ ಸಾಗಿದೆ ಅಂತ ಕಾಣುತ್ತದೆ. ಆವಕ ಜಾಸ್ತಿಯಾದಾಗ ರೇಟು ಎಷ್ಟು ಬಿತ್ತು ಅಂತ ಪಕ್ಕದಲ್ಲೇ ಹೋಲಿಸಬಹುದು. ಇದಕ್ಕೆ ಹೈಸ್ಕೂಲಿನ ಲೆಕ್ಕ ಸಾಕು. ಮಂಡಿ ವ್ಯವಹಾರ ನೋಡಿ ಬೆಳೆದ ಮಕ್ಕಳಿಗೆ ಆ ಅಂಕಿಗಳ ಹಿಂದಿನ ಕಾರಣ ಬೇಗ ಹೊಳೆಯುತ್ತದೆ. ಅದು ದೊಡ್ಡ ಬಲ ಅಲ್ವಾ?

ಎಂಬಿಎಯಲ್ಲಿ ಇಂಥ ಲೆಕ್ಕ ಹೊಸದೂ ಅಲ್ಲ. 1947ರಲ್ಲಿ ಅಮೆರಿಕದ ಗಣಿತಜ್ಞ ಜಾರ್ಜ್ ಡ್ಯಾಂಟ್‌ಜಿಗ್ ರೂಪಿಸಿದ, ಇರುವ ಸಂಪನ್ಮೂಲದಲ್ಲೇ ಹೆಚ್ಚು ಲಾಭ ಅಥವಾ ಕಡಿಮೆ ಖರ್ಚಿನ ದಾರಿ ಲೆಕ್ಕಹಾಕುವ ಸಿಂಪ್ಲೆಕ್ಸ್ ವಿಧಾನವನ್ನು ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳು ದಶಕಗಳಿಂದ ಓದುತ್ತಿದ್ದಾರೆ.

ಅರ್ಹತೆಯ ನಿಯಮವನ್ನು ಈ ಪರೀಕ್ಷೆ ನಡೆಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ವೆಬ್‌ಸೈಟಿನಲ್ಲಿ, ಸಿಲಬಸ್ಸನ್ನು ಬೆಂಗಳೂರು ಉತ್ತರ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ. ಆ ಮೆಸೇಜನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ.