ಬಚ್ಚಲೊಲೆಯ ಮೇಲೆ ಖಾಕಿ

ಆಶ್ಲೇಷಾ ಮಳೆಯಲ್ಲಿ ಖಾಕಿ ಪ್ಯಾಂಟು ಒಣಗಿಸಿ ನೋಡಿದವರಿಗೆ ಮಾತ್ರ ನನ್ನ ಸಂಕಟ ಅರ್ಥವಾದೀತು. ನಿನ್ನೆ ರಾತ್ರಿ ಮಳೆ ರಜೆಯ ಸುದ್ದಿ ಬಂತು. ಬೆಳಿಗ್ಗೆ ಒಂದಿಷ್ಟು ಹೊತ್ತು ಹೆಚ್ಚು ಮಲಗಬಹುದು ಅಂತ ಕಂಬಳಿ ಎಳೆದುಕೊಳ್ಳುವಷ್ಟರಲ್ಲಿ ಮಗಳ ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ಇನ್ನೊಂದು ಮೆಸೇಜು. ರಜೆ ತರಗತಿಗಳಿಗೆ ಮಾತ್ರವಂತೆ. ಎನ್‌ಸಿಸಿ ಮಕ್ಕಳು ಆಗಸ್ಟ್ 15ರ ಪೆರೇಡಿನ ಪ್ರಾಕ್ಟೀಸಿಗೆ ಏಳು ಗಂಟೆಗೆ ಫುಲ್ ಯೂನಿಫಾರ್ಮಿನಲ್ಲಿ ಬರಬೇಕಂತೆ. ಗಣಿತ ನಿಂತರೂ ಅಡ್ಡಿಯಿಲ್ಲ, ನಿಂತಲ್ಲೇ ಹೆಜ್ಜೆ ಹಾಕುವ ಕದಮ್ ತಾಲ್ ನಿಲ್ಲಬಾರದು.

ಫುಲ್ ಯೂನಿಫಾರ್ಮು ಆ ಹೊತ್ತಿಗೆ ಎಲ್ಲಿತ್ತು? ಬಕೆಟ್ಟಿನಲ್ಲಿ.

1948ರಲ್ಲಿ ಎನ್‌ಸಿಸಿ ಕಾಯ್ದೆ ಮಾಡಿದವರಲ್ಲಿ ತೀರ್ಥಹಳ್ಳಿ ಕಡೆಯ ಹೆಂಗಸು ಒಬ್ಬಳೂ ಇರಲಿಲ್ಲ ಅಂತ ಆಣೆ ಮಾಡಿ ಹೇಳುತ್ತೇನೆ. ಇದ್ದಿದ್ದರೆ ಈ ದಪ್ಪ ಖಾಕಿಗೆ ಒಪ್ಪುತ್ತಲೇ ಇರಲಿಲ್ಲ. ನಮ್ಮ ಆಗುಂಬೆ ರಸ್ತೆಯ ಬದಿಯಲ್ಲಿ ಜೂನ್‌ನಲ್ಲಿ ಒಗೆದ ಬೆಡ್‌ಶೀಟು ದಸರೆಗೆ ಒಣಗುತ್ತದೆ. ರಾತ್ರಿ ಹತ್ತೂವರೆಗೆ ಬಚ್ಚಲೊಲೆಗೆ ಅಡಿಕೆ ಸಿಪ್ಪೆ ತುಂಬಿ, ಹಂಡೆಯ ಮೇಲೆ ತಂತಿ ಕಟ್ಟಿ ಪ್ಯಾಂಟು ನೇತುಹಾಕಿದೆ. ಮಗಳಿಗೆ ಅದು ಒಣಗಿದರೆ ಸಾಲದು, ಗಂಜಿ ಹಾಕಿ ನಿಂತುಕೊಳ್ಳಬೇಕು. ಗಂಜಿ ಹಾಕಿದ ಬಟ್ಟೆಗೆ ಮಳೆಗಾಲದಲ್ಲಿ ಮೊದಲು ಬರುವವರು ಇನ್‌ಸ್ಪೆಕ್ಷನ್ ಮಾಡುವ ಹವಾಲ್ದಾರರಲ್ಲ, ಬೂಷ್ಟು. ಇಸ್ತ್ರಿ ಮಾಡೋಣವೆಂದರೆ ಕರೆಂಟಿಲ್ಲ. ಅಟ್ಟದಿಂದ ಇದ್ದಿಲ ಇಸ್ತ್ರಿಪೆಟ್ಟಿಗೆ ಇಳಿಸಿದ್ದಾಯಿತು.

ಇಷ್ಟೆಲ್ಲ ನಡೆಯುವಾಗ ನಮ್ಮ ಮನೆಯವರು ಬಚ್ಚಲ ಬಾಗಿಲಲ್ಲಿ ಕಾಲು ಅಗಲಿಸಿ, ಕೈ ಹಿಂದೆ ಕಟ್ಟಿಕೊಂಡು ವಿಶ್ರಾಮ್ ಭಂಗಿಯಲ್ಲಿ ನಿಂತಿದ್ದರು. ಇವರೂ ಹಳೇ ಕೆಡೆಟ್ಟು. ಎ, ಬಿ, ಸಿ ಮೂರೂ ಸರ್ಟಿಫಿಕೇಟು ಫ್ರೇಮ್ ಹಾಕಿಸಿಕೊಂಡು ದೇವರ ಫೋಟೋಗಳ ಸಾಲಿನಲ್ಲೇ ತೂಗುಹಾಕಿದ್ದಾರೆ. ಮಗಳು ಎಂಟನೇ ಕ್ಲಾಸಿನಲ್ಲಿ ಎನ್‌ಸಿಸಿಗೆ ಸೇರಿದಾಗಿನಿಂದ ಇವರಿಗೆ ಮರುಭರ್ತಿ ಆದಂತಾಗಿದೆ. ಬೆರೆಟ್ ನೀರಲ್ಲಿ ಅದ್ದಿ ಬಲಕ್ಕೆ ಹೇಗೆ ಬಾಗಿಸಬೇಕು, ಅದರ ಮೇಲಿನ ಕೆಂಪು ಗರಿಗುಚ್ಛ, ಅಂದರೆ ಹ್ಯಾಕಲ್, ಎಲ್ಲಿ ನಿಲ್ಲಬೇಕು, ಎಲ್ಲ ಹೇಳುತ್ತಾರೆ. ಹೇಳುತ್ತಾರೆ ಅಷ್ಟೆ. "ಆ ಕ್ರೀಸ್ ಸರಿ ಬಂದಿಲ್ಲ ನೋಡೆ" ಎಂದರು. ಇಸ್ತ್ರಿಪೆಟ್ಟಿಗೆಯಲ್ಲಿ ಕೆಂಡವಿತ್ತು. ಆದರೂ ನಾನು ಸುಮ್ಮನಿದ್ದೆ. ನನ್ನ ಶಿಸ್ತಿಗೆ ಯಾರೂ ಸರ್ಟಿಫಿಕೇಟು ಕೊಡುವುದಿಲ್ಲ.

ಬೆಳಿಗ್ಗೆ ಮಳೆ ಕೊಂಚ ಹೊಳವಾಯಿತು. ಮಗಳು ಈ ವರ್ಷ ಕಮಾಂಡ್ ಕೊಡುವವಳು. "ಪ್ರಾಕ್ಟೀಸ್ ಮಾಡು, ನಾನೇ ಸ್ಕ್ವಾಡ್" ಅಂತ ಇವರು ಅಂಗಳಕ್ಕೆ ಇಳಿದೇಬಿಟ್ಟರು. ಆಗಷ್ಟೇ ತೋಟಕ್ಕೆ ಹೋಗಿ ಬಂದಿದ್ದ ಮನುಷ್ಯ, ಪಂಚೆ ಎತ್ತಿ ಕಟ್ಟಿತ್ತು.

"ಸ್ಕ್ವಾಡ್, ಸಾವಧಾನ್!"

ಹಿಮ್ಮಡಿ ಜೋಡಿಸಿ, ಪಾದಗಳ ನಡುವೆ 30 ಡಿಗ್ರಿ ಬಿಟ್ಟು, ಮುಷ್ಟಿ ಬಿಗಿದು ನಿಂತರು. ಹೆಬ್ಬೆರಳು ಪ್ಯಾಂಟಿನ ಹೊಲಿಗೆಗೆ ತಾಗಬೇಕು. ಪಂಚೆಗೆ ಹೊಲಿಗೆ ಎಲ್ಲಿಂದ ಬರಬೇಕು? ಅಂದಾಜಿನ ಮೇಲೆ ಇಟ್ಟುಕೊಂಡರು. ಆಗ ನನಗೆ ಕಂಡಿತು, ಮೀನಖಂಡದ ಮೇಲೊಂದು ಉಂಬಳ, ರಕ್ತ ಹೀರುವ ಜಿಗಣೆ. ಬಾಲ ಊರಿ, ತಲೆ ಚಾಚಿ, ಮತ್ತೆ ಬಾಲ ಎಳೆದುಕೊಂಡು, ಯಾವ ಆತುರವೂ ಇಲ್ಲದೆ ಮೇಲೆ ಹೊರಟಿತ್ತು. ಇವರಿಗೂ ಗೊತ್ತಾಯಿತು. ಕಣ್ಣು ಕೆಳಗಿಳಿಯಿತು.

"ನಜರ್ ಸಾಮ್ನೆ! ಹಿಲೋ ಮತ್!"

ನೇರ ನೋಡಬೇಕು, ಅಲುಗಬಾರದು ಅಂತ ಮಗಳ ಆಜ್ಞೆ. ಮೀಸೆ ಮಾತ್ರ ಅಲುಗಿತು. ಜಗಲಿಯಲ್ಲಿ ಕೂತಿದ್ದ ಅತ್ತೆ, "ಅಯ್ಯೋ, ಉಂಬ್ಳ ಹತ್ತಿದೆ ಕಣೆ, ಸುಣ್ಣ ತಗಂಬಾ" ಅಂದರು. ನಾನು ಸುಣ್ಣದ ಡಬ್ಬಿ ತಂದೆ. ಆದರೆ ಪೆರೇಡಿನ ಮಧ್ಯೆ ಹೊರಗಿನವರು ಬರಕೂಡದು ಅಂತ ಮಗಳು ಕೈಯಲ್ಲೇ ತಡೆದಳು. ಇನ್ನೇನು ವಿಶ್ರಾಮ್ ಅನ್ನುತ್ತಾಳೆ ಅಂತ ಇವರು ಉಸಿರು ಹಿಡಿದು ನಿಂತರೆ, ಅವಳು "ದಾಹಿನೇ ಮುಡ್" ಅಂದಳು. ತಿರುಗಿದರು. "ಪೀಛೇ ಮುಡ್." ಅದೂ ಆಯಿತು. ಉಂಬಳವೂ ಅವರೊಂದಿಗೇ ತಿರುಗುತ್ತಾ ಮೊಣಕಾಲು ದಾಟಿ ಪಂಚೆಯೊಳಗೆ ಮರೆಯಾಯಿತು. "ಕದಮ್ ತಾಲ್!" ಎಂದಾಗ ಹಾಕಿದ ಹೆಜ್ಜೆಗಳನ್ನು ಯಾವ ಪೆರೇಡಿನಲ್ಲೂ ಕಾಣಲಾರಿರಿ. ಕೊನೆಗೆ "ಲೈನ್ ತೋಡ್" ಬಿದ್ದದ್ದೇ ತಡ, ಸ್ಕ್ವಾಡು ಬಚ್ಚಲಿಗೆ ಓಡಿತು. ನಾನು ನಕ್ಕದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

ಅತ್ತೆ ಮಾತ್ರ ನಗಲಿಲ್ಲ. "ಇವ್ನ ಖಾಕೀನೂ ನಾನು ಆ ಒಲೆ ಮೇಲೇ ಒಣಗಿಸ್ತಿದ್ದೆ" ಅಂದರು. ಸಿ ಸರ್ಟಿಫಿಕೇಟು ಇದ್ದವರಿಗೆ ಲಿಖಿತ ಪರೀಕ್ಷೆಯಿಲ್ಲದೆ ನೇರ ಎಸ್‌ಎಸ್‌ಬಿಗೆ, ಅಂದರೆ ಸೇನಾಧಿಕಾರಿಗಳನ್ನು ಆರಿಸುವ ಸಂದರ್ಶನಕ್ಕೆ, ಹೋಗುವ ದಾರಿಯೊಂದಿದೆ. ಇವರಿಗೂ ಕರೆ ಬಂದಿತ್ತಂತೆ. ಅದೇ ಮಳೆಗಾಲದಲ್ಲಿ ಮಾವ ತೀರಿಹೋದರು, ತೋಟಕ್ಕೆ ಕೊಳೆರೋಗ ಬಿತ್ತು, ಮದ್ದು ಹೊಡೆಸುವವರು ಬೇಕಿತ್ತು. ಇಷ್ಟು ವರ್ಷದಲ್ಲಿ ಇವರು ನನ್ನ ಹತ್ತಿರ ಫೈರಿಂಗ್ ಕಥೆ, ಕ್ಯಾಂಪಿನ ಪೂರಿ ಕಥೆ ಎಲ್ಲ ಬೇಸರ ಬರುವಷ್ಟು ಹೇಳಿದ್ದಾರೆ. ಇದೊಂದನ್ನು ಹೇಳಿರಲಿಲ್ಲ.

ಇರಲಿ. ಮಗಳು ಹೊಗೆ ವಾಸನೆ ಹೊಡೆಯುತ್ತಲೇ ಹೋಗಿ ಬಂದಳು. ಸಾಲಿನಲ್ಲಿದ್ದ ಎಲ್ಲರದ್ದೂ ಅದೇ ವಾಸನೆಯಂತೆ, ಹಾಗಾಗಿ ಏಕರೂಪತೆಗೆ ಧಕ್ಕೆಯಾಗಿಲ್ಲ. ಜೊತೆಗೆ ಹತ್ತು ದಿನದ ಕ್ಯಾಂಪಿನ ಪಟ್ಟಿ ತಂದಿದ್ದಾಳೆ: ತಟ್ಟೆ, ಮಗ್, ಸೊಳ್ಳೆಪರದೆ, ಎರಡು ಜೊತೆ ಖಾಕಿ, ಬೆಲ್ಟಿನ ಬಕಲ್ ಉಜ್ಜಲು ಬ್ರಾಸೊ. ಬ್ರಾಸೊ ಡಬ್ಬಿ ಹುಡುಕಿದರೆ ಖಾಲಿ. ಟ್ರಂಕಿನಿಂದ ತನ್ನ ಹಳೇ ಬಕಲ್ ತೆಗೆದು ಅವರಪ್ಪ ಉಜ್ಜುತ್ತಾ ಕೂತಿದ್ದಾರೆ, ಮುಖ ಕಾಣುವಷ್ಟು ಹೊಳೆಯುತ್ತಿದೆ. ಪೇಟೆಗೆ ಹೋಗಿ ಇನ್ನೊಂದು ಡಬ್ಬಿ ತರುವುದು ಯಾರ ಡ್ಯೂಟಿ ಅಂತ ಕೇಳಿದೆ. ಸ್ಕ್ವಾಡು ಸಾವಧಾನ್ ಸ್ಥಿತಿಯಲ್ಲಿತ್ತು, ಮಾತಾಡಲಿಲ್ಲ.